ಮಗುವಿಗೆ ಪೆಟ್ಟಾಗುವವರೆಗೂ ಕಾಯಬೇಕೇ? ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರಿಗೆ ನಮಸ್ಕಾರಗಳು.

ಹೆತ್ತವರಲ್ಲೊಬ್ಬರಿಂದಲೇ ಮಗುವಿನ ಜೀವಕ್ಕೆ ಅಪಾಯವಿದೆಯೆಂದು ದೂರು ಕೊಡಲು ಬಂದವರನ್ನು ‘ಇದು ಗಂಡ ಹೆಂಡತಿ ಜಗಳ, ಕೋರ್ಟಿನಲ್ಲಿ ನೋಡಿಕೊಳ್ಳಿ’ ಎಂದು ಠಾಣೆಯಿಂದ ಸಾಗಹಾಕುವ ಪರಿಪಾಠವನ್ನು ತಾವು ನಿಲ್ಲಿಸಬೇಕು. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ ಈಗ ಎಲ್ಲರೆದುರು ಕೇಳುತ್ತಿದ್ದೇನೆ.

ವಿಚ್ಛೇದನದ ನಂತರ ನನ್ನ ಏಳು ವರ್ಷದ ಮಗ ನನ್ನ ಬಳಿಯಿದ್ದಾನೆ. ಭಾನುವಾರ ಅವನನ್ನು ತಂದೆಯೊಂದಿಗೆ ಕಳುಹಿಸಬೇಕೆಂಬ ನ್ಯಾಯಾಲಯದ ಆದೇಶವನ್ನು ಪಾಲಿಸುತ್ತಲೇ ಬಂದಿದ್ದೇನೆ. ಅವರು ಕುಡಿದು ಬೈಕ್ ಓಡಿಸುತ್ತಾರೆಂದು ಮೊದಲಿನಿಂದಲೂ ಹೇಳುತ್ತಿದ್ದೆ, ಯಾರೂ ಕಿವಿಗೊಡಲಿಲ್ಲ. ಒಂದು ರಾತ್ರಿ ಮಗುವನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು, ತಲೆಗೆ ಹೆಲ್ಮೆಟ್ ಕೂಡ ಇಲ್ಲದೆ, ಹೆದ್ದಾರಿಯಲ್ಲಿ ಕರೆತಂದರು. ಇಳಿಸಿಕೊಂಡಾಗ ಅವನ ಎರಡೂ ಅಂಗೈ ಕೆಂಪಾಗಿದ್ದವು. ‘ಅಪ್ಪ ತೂಕಡಿಸ್ತಿದ್ರು ಅಮ್ಮಾ, ನಾನೇ ಹ್ಯಾಂಡಲ್ ಗಟ್ಟಿಯಾಗಿ ಹಿಡ್ಕೊಂಡಿದ್ದೆ’ ಎಂದ. ಅವನ ಮುಖದಲ್ಲಿ ಭಯಕ್ಕಿಂತ ಹೆಚ್ಚಾಗಿ, ಅಪ್ಪನನ್ನು ಉಳಿಸಿಕೊಂಡೆನೆಂಬ ಹೆಮ್ಮೆಯಿತ್ತು. ಆ ಹೆಮ್ಮೆಯನ್ನು ನೋಡಿ ನನಗೆ ಹೊಟ್ಟೆಯಲ್ಲಿ ನಡುಕ ಹುಟ್ಟಿತು.

ಠಾಣೆಯಲ್ಲಿ ಸಿಕ್ಕ ಉತ್ತರ: ‘ಮಗುವಿಗೆ ಏನೂ ಆಗಿಲ್ವಲ್ಲಮ್ಮ, ತಂದೆ ತಾನೇ.’

ಏನಾದರೂ ಆಗಲೇಬೇಕೆಂದು ಯಾವ ಕಾನೂನು ಹೇಳುತ್ತದೆ, ಮಾನ್ಯರೇ? 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮು ತಮಗೆ ಗೊತ್ತಿಲ್ಲದ್ದೇನಲ್ಲ. ಮಗು ಯಾರ ಸುಪರ್ದಿಯಲ್ಲಿರುತ್ತದೋ ಅವರು, ಅದಕ್ಕೆ ಅನಗತ್ಯ ದೈಹಿಕ ಅಥವಾ ಮಾನಸಿಕ ಯಾತನೆ ಉಂಟಾಗುವ ಸಂಭವವಿರುವ ರೀತಿಯಲ್ಲಿ ಬೇಕೆಂದೇ ನಿರ್ಲಕ್ಷಿಸಿದರೆ 3 ವರ್ಷಗಳವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಸಂಭವವಿದ್ದರೆ ಸಾಕು, ಮೂಳೆ ಮುರಿದಿರಬೇಕಾಗಿಲ್ಲ. ಅದೇ ಕಾಯ್ದೆಯ 107ನೇ ಕಲಮಿನಂತೆ ಪ್ರತಿ ಠಾಣೆಯಲ್ಲೂ ಸಹಾಯಕ ಸಬ್ ಇನ್ಸ್‌ಪೆಕ್ಟರ್ ದರ್ಜೆಗಿಂತ ಕೆಳಗಿಲ್ಲದ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ನಾನು ಹೋದ ಠಾಣೆಯಲ್ಲಿ ಅಂಥವರು ಯಾರೆಂದು ಕೇಳಿದರೆ ಒಬ್ಬರು ಇನ್ನೊಬ್ಬರ ಮುಖ ನೋಡಿದರು.

ಭೇಟಿಯ ಆದೇಶವನ್ನು ಬದಲಿಸಿ, ಬೇರೊಬ್ಬರ ಸಮ್ಮುಖದಲ್ಲಷ್ಟೇ ಭೇಟಿಗೆ ಅವಕಾಶ ಕೊಡಿ ಎಂದು ಕೌಟುಂಬಿಕ ನ್ಯಾಯಾಲಯಕ್ಕೂ ಅರ್ಜಿ ಹಾಕಿದ್ದೇನೆ. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯ ಕಾಲದಿಂದಲೂ ಮಗುವಿನ ಹಿತಕ್ಕೆ ಕಾನೂನಿನಲ್ಲಿ ಸ್ಥಾನವಿದೆ, ನನಗೆ ಅಲ್ಲಿ ನಂಬಿಕೆಯೂ ಇದೆ. ಆದರೆ ಅಲ್ಲಿ ತಾರೀಖು ಮುಂದಕ್ಕೆ ಹೋಗುತ್ತದೆ, ಭಾನುವಾರ ಹೋಗುವುದಿಲ್ಲ. ಕಳುಹಿಸದಿದ್ದರೆ ನಾನು ಆದೇಶ ಉಲ್ಲಂಘಿಸಿದವಳು. ಕಳುಹಿಸಿದರೆ ಸಂಜೆಯವರೆಗೆ ಗೇಟಿನ ಬಳಿ ನಿಲ್ಲುವವಳು. ಠಾಣೆಯಲ್ಲಿ ಒಂದು ದೂರು ದಾಖಲಾಗಿದ್ದರೆ ನ್ಯಾಯಾಧೀಶರ ಮುಂದಿಡಲು ನನ್ನ ಮಾತಿಗಿಂತ ಗಟ್ಟಿಯಾದ ಕಾಗದವಾದರೂ ಇರುತ್ತಿತ್ತು.

ಆದ್ದರಿಂದ ಮತ್ತೆ ಕೇಳುತ್ತೇನೆ. ಆರೋಪಿ ತಂದೆಯೋ ತಾಯಿಯೋ ಎಂಬ ಕಾರಣಕ್ಕೆ, ಅಥವಾ ಮಗುವಿಗೆ ಗಾಯವಾಗಿಲ್ಲವೆಂಬ ಕಾರಣಕ್ಕೆ, ಇಂಥ ದೂರನ್ನು ತಿರಸ್ಕರಿಸಬಾರದೆಂದು ಎಲ್ಲ ಠಾಣೆಗಳಿಗೂ ಲಿಖಿತ ಸುತ್ತೋಲೆ ಹೊರಡಿಸಿ. ದೂರು ಬಂದ ದಿನವೇ ಮಕ್ಕಳ ಕಲ್ಯಾಣ ಸಮಿತಿಗೆ ಮಾಹಿತಿ ಹೋಗುವಂತೆ ಮಾಡಿ. ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯ ಹೆಸರು ಮತ್ತು ದೂರವಾಣಿ ಸಂಖ್ಯೆಯನ್ನು ಠಾಣೆಯ ಬಾಗಿಲಲ್ಲೇ ಬರೆಸಿ. ಇದಕ್ಕೆ ಹೊಸ ಕಾನೂನು ಬೇಡ, ತಮ್ಮ ಒಂದು ಸಹಿ ಸಾಕು. ಆ ಸುತ್ತೋಲೆ ಯಾವ ದಿನ ಹೊರಡುತ್ತದೆಂದು ತಿಳಿಸಿ.

ಇತಿ,
ಒಬ್ಬ ತಾಯಿ