ಗೌರಿ ಮತ್ತೆ ನಡೆಯುತ್ತಿದ್ದಾಳೆ, ನಿಮ್ಮೆಲ್ಲರಿಂದ

ಎಲ್ಲರಿಗೂ ನಮಸ್ಕಾರ. ಸಂತೋಷದ ಸುದ್ದಿ ಮೊದಲು ಹೇಳಿಬಿಡುತ್ತೇನೆ. ನಮ್ಮ ಕುದುರೆ ಗೌರಿಯ ಮುಂಗಾಲುಗಳಲ್ಲಿ ಉಳಿದಿದ್ದ ಹಳೇ ಗೊರಸಿನ ಕೊನೆಯ ಚೂರು ಈ ವಾರ ಹೋಯಿತು. ಈಗ ಅವಳು ನಿಂತಿರುವುದು ಪೂರ್ತಿ ಹೊಸ ಗೊರಸಿನ ಮೇಲೆ. ಹೊಸ ಎಕ್ಸ್‌ರೇ ನೋಡಿದ ಡಾಕ್ಟರ್, ಇನ್ನು ನಿಧಾನವಾಗಿ ಸವಾರಿ ಶುರು ಮಾಡಬಹುದು ಎಂದಿದ್ದಾರೆ.

ಅವಳಿಗೆ ಬಂದಿದ್ದು ಲ್ಯಾಮಿನೈಟಿಸ್. ಕುದುರೆ ಸಾಕಿದವರಿಗೆ ಆ ಹೆಸರು ಕೇಳಿದರೇ ಎದೆ ಧಸಕ್ಕೆನ್ನುತ್ತದೆ. ಗೊರಸಿನ ಗಟ್ಟಿ ಗೋಡೆಗೂ ಒಳಗಿನ ಮೂಳೆಗೂ ನಡುವೆ ತೆಳ್ಳಗಿನ ಪದರಗಳಿರುತ್ತವೆ. ಕುದುರೆಯ ಭಾರವೆಲ್ಲ ಆ ಪದರಗಳ ಹಿಡಿತದ ಮೇಲೆಯೇ ನಿಂತಿರುತ್ತದೆ. ಹಿಡಿತ ಸಡಿಲವಾದರೆ ಮೂಳೆ ತಿರುಗುತ್ತದೆ, ಇಲ್ಲವೇ ಕೆಳಕ್ಕೆ ಜಾರುತ್ತದೆ. ತೀರಾ ಜಾಸ್ತಿಯಾದರೆ ಗೊರಸಿನ ತಳವನ್ನೇ ಸೀಳಿಕೊಂಡು ಬರಬಹುದು. ಎಷ್ಟೋ ಕುದುರೆಗಳ ನೋವು ನೋಡಲಾರದೆ ದಯಾಮರಣ ಕೊಟ್ಟು ಅವನ್ನು ಕಳಿಸಿಕೊಡಬೇಕಾಗುತ್ತದೆ. ನಮ್ಮ ಮುಂದೆಯೂ ಕೆಲವು ದಿನ ಆ ಮಾತು ಇತ್ತು.

ಅವಳು ಉಳಿದಿದ್ದಕ್ಕೆ ಮೊದಲ ಕಾರಣ ಲಾಯ ನೋಡಿಕೊಳ್ಳುವ ಅಣ್ಣ. ಅವತ್ತು ಬೆಳಿಗ್ಗೆ ಗೌರಿ ಕುಂಟುತ್ತಿರಲಿಲ್ಲ. ಮೇವೂ ಬಿಟ್ಟಿರಲಿಲ್ಲ. ತಿರುಗುವಾಗ ಮಾತ್ರ ಒಂದು ಚೂರು ತಡೆದಳಂತೆ, ಅಷ್ಟೇ. ಅಣ್ಣ ಬಗ್ಗಿ ಗೊರಸಿನ ಮೇಲೆ ಅಂಗೈ ಇಟ್ಟರು. ಬಿಸಿಯಿತ್ತು. ಗೊರಸಿನ ಮೇಲಿನ ಗಿಣ್ಣಿನ ಹಿಂದೆ, ಪಕ್ಕಕ್ಕೆ, ಎರಡು ಬೆರಳಿಟ್ಟು ನಾಡಿ ನೋಡಿದರು. ಕುದುರೆ ಚೆನ್ನಾಗಿದ್ದಾಗ ಅಲ್ಲಿ ನಾಡಿ ಸಿಗುವುದೇ ಕಷ್ಟ, ಹುಡುಕಬೇಕು. ಅವತ್ತು ಅದು ಬೆರಳಿಗೆ ಬಡಿಯುತ್ತಿತ್ತು. ನನಗೆ ಫೋನ್ ಮಾಡುವ ಹೊತ್ತಿಗೆ ಅವರು ಡಾಕ್ಟರಿಗೂ ಹೇಳಿ, ಐಸ್ ತರಿಸಲು ಆಳು ಕಳಿಸಿದ್ದರು. ಮಧ್ಯಾಹ್ನದ ಹೊತ್ತಿಗೆ ಗೌರಿ ಮುಂಗಾಲು ಮುಂದೆ ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ ನಿಂತಿದ್ದಳು. ಅದನ್ನು ಕಂಡಮೇಲೆ ಯಾರಿಗಾದರೂ ಗೊತ್ತಾಗುತ್ತದೆ. ಅಣ್ಣನಿಗೆ ಗೊತ್ತಾಗಿದ್ದು ಅದಕ್ಕೂ ಮೊದಲು. ಅಣ್ಣ, ಆ ಕೆಲವು ಗಂಟೆಗಳ ಋಣ ನಾನು ತೀರಿಸಲಾರೆ.

ಶುರುವಿನಲ್ಲೇ ಕಾಲು ತಣ್ಣಗಿಟ್ಟರೆ ಪದರಗಳಿಗೆ ಆಗುವ ಹಾನಿ ಕಡಿಮೆ. ಆದರೆ ಆಗಾಗ ಇಟ್ಟು ತೆಗೆದರೆ ಸಾಲದು. ಎರಡು ಮೂರು ದಿನ ಹಗಲೂ ರಾತ್ರಿ ಬಿಡದೆ ಐಸ್ ನೀರಿನಲ್ಲೇ ಇರಬೇಕು. ಕರಗಿದ ಹಾಗೆಲ್ಲ ತುಂಬಬೇಕು. ರಾತ್ರಿ ಪಾಳಿ ಹಂಚಿಕೊಂಡ ಗೆಳೆಯರೇ, ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದವರೂ ನಿಮ್ಮಲ್ಲಿದ್ದಿರಿ. ಒಬ್ಬರೂ ಒಂದು ಪಾಳಿ ತಪ್ಪಿಸಲಿಲ್ಲ.

ಡಾಕ್ಟರ್‌ಗೆ ಥ್ಯಾಂಕ್ಸ್ ಹೇಳುವುದು ಔಷಧಿಗೆ ಮಾತ್ರ ಅಲ್ಲ, ನೇರವಾಗಿ ಮಾತಾಡಿದ್ದಕ್ಕೆ. ಸುಮ್ನೆ ಧೈರ್ಯ ತುಂಬಲಿಲ್ಲ, ಹೆದರಿಸಲೂ ಇಲ್ಲ. ರಕ್ತ ಪರೀಕ್ಷೆ ಮಾಡಿಸಿ, ಇನ್ಸುಲಿನ್ ಜಾಸ್ತಿಯಿರುವುದೇ ಮೂಲ ಎಂದು ಹಿಡಿದರು. ಮೇವಿನಲ್ಲಿ ಸಕ್ಕರೆ ಹೆಚ್ಚಿದಷ್ಟೂ ಇನ್ಸುಲಿನ್ ಏರುತ್ತದೆ. ಅದಕ್ಕೇ ಒಣಹುಲ್ಲನ್ನು ನೆನೆಸಿ, ಸಕ್ಕರೆ ಇಳಿದ ಆ ನೀರನ್ನು ಚೆಲ್ಲಿ, ಆಮೇಲೆ ಕೊಡುವುದನ್ನು ಕಲಿಸಿದ್ದೂ ಅವರೇ. ಬೇಸರದ ಕೆಲಸವೇ. ಆದರೆ ಇಂಥ ಕೆಲಸವೇ ಅವಳನ್ನು ಎತ್ತಿ ನಿಲ್ಲಿಸಿದ್ದು.

ಇನ್ನು ಲಾಳ ಕಟ್ಟುವವರು. ಗೊರಸು ಬೆಳೆಯುವುದು ತಿಂಗಳಿಗೆ ಸುಮಾರು 8ರಿಂದ 10 ಮಿಲಿಮೀಟರ್. ಮುಂಭಾಗ ಮೇಲಿಂದ ನೆಲದವರೆಗೆ ಹೊಸದಾಗಲು 9ರಿಂದ 12 ತಿಂಗಳು ಬೇಕು. ಕಾಯಿಲೆ ಬಂದ ಸಮಯದ ಗುರುತು ಗೊರಸಿನ ಮೇಲೆ ಅಡ್ಡಗೆರೆಯಾಗಿ ಮೂಡಿತ್ತು. ಅದರ ಮೇಲೆ ಬೆಳೆಯುತ್ತಿದ್ದ ಗೋಡೆಯ ಕೋನ ನೇರವಾಗಿದೆಯಾ ಎಂದು ಅವರು ಪ್ರತಿ ಸಲ ನೋಡುತ್ತಿದ್ದರು. ಎಕ್ಸ್‌ರೇ ಪಕ್ಕದಲ್ಲಿಟ್ಟುಕೊಂಡೇ ಅರ ಹಿಡಿಯುತ್ತಿದ್ದರು. ಒಂದು ಕಾಲು ಎತ್ತಿದರೆ ಇನ್ನೊಂದಕ್ಕೆ ಭಾರ ಬಿದ್ದು ನೋಯುತ್ತದೆ ಅಲ್ವಾ, ಹಾಗಾಗಿ ಗೌರಿ ಕಾಲು ಕೊಡುತ್ತಲೇ ಇರಲಿಲ್ಲ. ಅವರು ಒಂದು ಸಲವೂ ಗದರಲಿಲ್ಲ. ಮೊಣಕಾಲೂರಿ ಕೂತು, ಕಾಲನ್ನು ನೆಲದಿಂದ ನಾಲ್ಕು ಬೆರಳಷ್ಟೇ ಎತ್ತಿ, ಅರೆನಿಮಿಷ ಕೆಲಸ ಮಾಡಿ ಇಳಿಸುತ್ತಿದ್ದರು. ಮತ್ತೆ ಎತ್ತುತ್ತಿದ್ದರು. ಆ ವಯಸ್ಸಿನಲ್ಲಿ, ಆ ಬೆನ್ನು ನೋವಿನಲ್ಲಿ.

ಅವರಿಗೆ ದಾರಿ ಸಲೀಸು ಮಾಡಿಕೊಟ್ಟಿದ್ದು ನಮ್ಮ ತರಬೇತುದಾರ ಅಕ್ಕ. ಕತ್ತಿನ ಬುಡದಲ್ಲಿ, ಬೆನ್ನು ಶುರುವಾಗುವ ಉಬ್ಬಿನ ಹತ್ತಿರ ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುತ್ತವೆ. ಅಲ್ಲಿ ಕೆರೆದರೆ ಅವುಗಳ ಎದೆಬಡಿತ ಇಳಿಯುತ್ತದೆ. ಸಿಹಿ ಕೊಡುವ ಹಾಗಿರಲಿಲ್ಲವಲ್ಲ, ಅಕ್ಕ ಇದನ್ನೇ ಬಹುಮಾನ ಮಾಡಿದರು. ಭಾರ ಸ್ವಲ್ಪ ಆಚೆ ಸರಿಸಿದರೂ ಕೆರೆತ. ಹಿಮ್ಮಡಿ ಎತ್ತಿದರೂ ಕೆರೆತ. ಕೆಲವು ವಾರಗಳಲ್ಲಿ ಅವಳು ತಾನಾಗಿಯೇ ಕಾಲು ಕೊಡತೊಡಗಿದಳು, ಮೇಲ್ದುಟಿ ಉದ್ದ ಮಾಡಿ ಅಲ್ಲಾಡಿಸುತ್ತಾ. ಅವಳಿಗೆ ನಮ್ಮ ಮೇಲೆ ನಂಬಿಕೆ ಉಳಿದಿದ್ದು ಅಲ್ಲಿಯೇ ಎಂದು ನನಗೆ ಅನ್ನಿಸುತ್ತದೆ.

ಪಕ್ಕದ ಲಾಯದ ಅಜ್ಜಿಗೂ ಕೈ ಮುಗಿಯುತ್ತೇನೆ. ಗೌರಿ ಹೊರಗೆ ಹೋಗಲಾಗದ ತಿಂಗಳುಗಳಲ್ಲಿ ತಮ್ಮ ಮುದಿ ಕುದುರೆಯನ್ನು ಅವಳ ಕಣ್ಣಿಗೆ ಕಾಣುವಂತೆ ಕಟ್ಟಿಸಿದರು. ಒಂಟಿಯಾದ ಕುದುರೆ ನಿದ್ದೆಗೆ ಮಲಗಲೂ ಹೆದರುತ್ತದೆ.

ಸದ್ಯಕ್ಕೆ ಮೆತ್ತನೆಯ ನೆಲದಲ್ಲಿ ನಡಿಗೆ ಮಾತ್ರ. ಹುಲ್ಲು ನೆನೆಸುವುದು, ರಕ್ತ ಪರೀಕ್ಷೆ ಎಲ್ಲ ಮುಂದುವರಿಯುತ್ತದೆ. ಗೌರಿಯನ್ನು ನೋಡಲು ಖಂಡಿತ ಬನ್ನಿ. ತಿನ್ನಲು ಏನೂ ತರಬೇಡಿ. ಎಲ್ಲಿ ಕೆರೆಯಬೇಕು ಅಂತ ಅವಳೇ ತೋರಿಸುತ್ತಾಳೆ.