ಅಂಗ್‌ಕೋರ್ ಪ್ರವಾಸ: ಫೋನ್ ನಿಯಮದ ಬಗ್ಗೆ ಪೋಷಕರಿಗೆ ಪತ್ರ

ಒಂಬತ್ತನೇ ತರಗತಿಯ ಮಕ್ಕಳ ಪೋಷಕರಿಗೆ ನಮಸ್ಕಾರಗಳು.

ಕಾಂಬೋಡಿಯಾದ ಅಂಗ್‌ಕೋರ್ ಪ್ರವಾಸದ ಪರಿಷ್ಕೃತ ಸುತ್ತೋಲೆ ತಮ್ಮ ಕೈಸೇರಿದ ಮೇಲೆ ಕಚೇರಿಗೆ ಸಾಕಷ್ಟು ಕರೆಗಳು ಬಂದಿವೆ, ಎರಡು ಲಿಖಿತ ದೂರುಗಳೂ ಬಂದಿವೆ. ಹನ್ನೊಂದಿದ್ದ ದೇವಾಲಯಗಳ ಪಟ್ಟಿ ನಾಲ್ಕಕ್ಕೆ ಇಳಿದದ್ದೇಕೆ ಎಂಬುದು ಒಂದು ಪ್ರಶ್ನೆ. ಹಗಲು ಹೊತ್ತು ಮಕ್ಕಳ ಕೈಯಲ್ಲಿ ಫೋನ್ ಇರಬಾರದು ಎಂದದ್ದೇಕೆ ಎಂಬುದು ಇನ್ನೊಂದು. ಕಾರಣ ಬರೆಯದೆ ಬರೀ ನಿಯಮ ಬರೆದು ಕಳಿಸಿದ್ದು ಶಾಲೆಯ ತಪ್ಪು. ಅದನ್ನು ಇಲ್ಲಿ ಸರಿಪಡಿಸುತ್ತಿದ್ದೇನೆ. ನಿಯಮ ಮಾತ್ರ ಹಾಗೆಯೇ ಇರುತ್ತದೆ.

ಮೊದಲು ಪಟ್ಟಿಯ ವಿಷಯ. ಮೊದಲ ದಿನ ಪೂರ್ತಿ ಅಂಗ್‌ಕೋರ್ ವಾಟ್, ಎರಡನೇ ದಿನ ಬಾಯೊನ್, ಮೂರನೇ ದಿನ ಬೆಳಿಗ್ಗೆ ಬಂತೇ ಸ್ರೇ, ಮಧ್ಯಾಹ್ನ ತಾ ಪ್ರೋಮ್. ಇಷ್ಟೇ. "ಒಂದೇ ಗುಡಿಗೆ ಇಡೀ ದಿನವೇ?" ಎಂದು ಒಬ್ಬ ತಂದೆ ಕೇಳಿದ್ದಾರೆ. ಹೌದು, ಇಡೀ ದಿನ. 12ನೇ ಶತಮಾನದ ಮೊದಲರ್ಧದಲ್ಲಿ ರಾಜ ಎರಡನೇ ಸೂರ್ಯವರ್ಮ ಕಟ್ಟಿಸಿದ ಅಂಗ್‌ಕೋರ್ ವಾಟ್ ಎಂಬ ಆ ವಿಷ್ಣು ದೇವಾಲಯದ ಹೊರ ಪ್ರಾಕಾರವೇ 1,024 ಮೀಟರ್ ಉದ್ದ, 802 ಮೀಟರ್ ಅಗಲ ಇದೆ. ಅದರಾಚೆಯ ಕಂದಕದ ಅಗಲ 190 ಮೀಟರ್. ನಡೆಯುವುದಕ್ಕೇ ಹೊತ್ತು ಬೇಕು. ಅದಕ್ಕಿಂತ ದೊಡ್ಡ ಕಾರಣ ಬಿಸಿಲು. ಅಲ್ಲಿನ ಉಬ್ಬುಶಿಲ್ಪಗಳ ಕೆತ್ತನೆಯ ಆಳ ಬಹಳ ಕಡಿಮೆ. ಓರೆ ಬೆಳಕು ಬಿದ್ದಾಗ ಮಾತ್ರ ರೇಖೆಗಳು ಎದ್ದು ಕಾಣುತ್ತವೆ. ಸಮುದ್ರ ಮಥನದ ಶಿಲ್ಪ ಪೂರ್ವದ ಮೊಗಸಾಲೆಯಲ್ಲಿದೆ, ಅದಕ್ಕೆ ಬೆಳಗಿನ ಬೆಳಕು ಬೇಕು. ಕುರುಕ್ಷೇತ್ರವೂ ಲಂಕೆಯ ಯುದ್ಧವೂ ಪಶ್ಚಿಮದಲ್ಲಿವೆ, ಅವಕ್ಕೆ ಮಧ್ಯಾಹ್ನದ ಮೇಲಿನ ಬೆಳಕು. ಎರಡು ಗಂಟೆಯಲ್ಲಿ ಮುಗಿಸುವವರು ಇವುಗಳಲ್ಲಿ ಒಂದನ್ನು ಮಬ್ಬಿನಲ್ಲೇ ನೋಡಿ ಬರುತ್ತಾರೆ. ಸೂರ್ಯೋದಯದ ಫೋಟೊ ತೆಗೆಯಲು ಕೊಳದ ದಡದಲ್ಲಿ ಮುತ್ತುವ ಜನರಲ್ಲಿ ಬಹಳಷ್ಟು ಮಂದಿ ಆಮೇಲೆ ತಿಂಡಿಗೆಂದು ಹೋಟೆಲಿಗೆ ಮರಳುತ್ತಾರೆ. ಆ ಹೊತ್ತಿಗೆ ನಮ್ಮ ಮಕ್ಕಳು ಪೂರ್ವದ ಮೊಗಸಾಲೆಯಲ್ಲಿ ಇರುತ್ತಾರೆ.

ಇನ್ನು ಫೋನ್. ತಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಹದಿನಾಲ್ಕು ವರ್ಷದ ಮಗು ಮೊದಲ ಸಲ ಸಮುದ್ರ ದಾಟಿ ಹೋಗುತ್ತಿದೆ. ಬೇಕೆಂದಾಗ ಅದರ ದನಿ ಕೇಳಬೇಕು ಅನ್ನಿಸುವುದು ಸಹಜ. ಫೋನ್ ತರಲೇಬೇಡಿ ಎಂದು ನಾವು ಹೇಳುತ್ತಿಲ್ಲ. ಬೆಳಿಗ್ಗೆ ಹೋಟೆಲಿನಿಂದ ಹೊರಡುವಾಗ ಹೆಸರು ಬರೆದ ಚೀಲದಲ್ಲಿ ಹಾಕಿ ಶಿಕ್ಷಕರಿಗೆ ಕೊಡಬೇಕು. ರಾತ್ರಿ 8:30ರಿಂದ 9:15ರವರೆಗೆ ಅದು ಮಗುವಿನ ಕೈಯಲ್ಲಿರುತ್ತದೆ. ಕಾಂಬೋಡಿಯಾ ನಮಗಿಂತ ಒಂದೂವರೆ ಗಂಟೆ ಮುಂದಿರುವುದರಿಂದ ಇಲ್ಲಿ ಆಗ ಸಂಜೆ 7 ಗಂಟೆ. ಹಗಲಿನಲ್ಲಿ ನಾಲ್ವರು ಶಿಕ್ಷಕರ ಬಳಿಯೂ ಅಲ್ಲಿನ ಸಿಮ್ ಇರುವ ಫೋನ್ ಇರುತ್ತದೆ, ಎಂಟು ಮಕ್ಕಳಿಗೆ ಒಬ್ಬ ಶಿಕ್ಷಕರು ಇರುತ್ತಾರೆ. ತುರ್ತು ಕರೆಗೆ ಯಾವ ಹೊತ್ತಿನಲ್ಲೂ ಉತ್ತರ ಸಿಗುತ್ತದೆ. ಮಗುವನ್ನು ತಮ್ಮಿಂದ ದೂರ ಇಡುವ ಉದ್ದೇಶ ನಮಗಿಲ್ಲ.

ಕಳೆದ ಬಾರಿಯ ಪ್ರವಾಸದ ನಂತರ ಏನಾಯಿತೆಂದು ತಮಗೂ ಗೊತ್ತು. ಮಕ್ಕಳು ಸಾವಿರಾರು ಫೋಟೊ ತಂದರು. ಆ ಗೋಡೆ ಯಾವ ಗುಡಿಯದು ಎಂದರೆ ಉತ್ತರವಿರಲಿಲ್ಲ. ಒಬ್ಬ ವಿದ್ಯಾರ್ಥಿ ಸೆಲ್ಫಿಗಾಗಿ ತಡೆಹಗ್ಗ ದಾಟಿದ್ದಕ್ಕೆ ಕಾವಲುಗಾರರು ಇಡೀ ತಂಡವನ್ನು ಹೊರಗೆ ಕಳಿಸಿದರು. ಆ ಮಗುವಿಗೆ ಏನನ್ನೂ ಕೆಡಿಸುವ ಮನಸ್ಸಿರಲಿಲ್ಲ. ಅದರ ಕಣ್ಣು ತೆರೆಯ ಮೇಲಿತ್ತು, ಕಾಲು ಎಲ್ಲಿದೆ ಎಂಬ ಅರಿವಿರಲಿಲ್ಲ. ಶಿಲ್ಪಗಳು ಕೆಡುವುದು ಹೀಗೆಯೇ. ಈ ಗುಡಿಗಳನ್ನು ಕಟ್ಟಿದ ಕಾಂಬೋಡಿಯಾದ ಖ್ಮೇರ್ ಶಿಲ್ಪಿಗಳು ನಿಜವಾದ ಕಮಾನು ಕಟ್ಟಲಿಲ್ಲ. ಎರಡೂ ಕಡೆಯಿಂದ ಕಲ್ಲುಗಳನ್ನು ಸ್ವಲ್ಪ ಸ್ವಲ್ಪವೇ ಮುಂಚಾಚಿ ಮೇಲೆ ಕೂಡಿಸಿದರು. ಹಾಗಾಗಿ ಮೊಗಸಾಲೆಗಳು ಕಿರಿದು. ಚಿತ್ರಕ್ಕೆ ಎಲ್ಲರೂ ಹಿಡಿಸಲಿ ಎಂದು ಎರಡು ಹೆಜ್ಜೆ ಹಿಂದೆ ಸರಿದರೆ ಬೆನ್ನಿನ ಚೀಲದ ಜಿಪ್ ನೇರ ಕೆತ್ತನೆಗೆ ತಾಗುತ್ತದೆ. ಮರಳುಗಲ್ಲಿನ ಮೇಲ್ಪದರ ಒಮ್ಮೆ ಸಿಪ್ಪೆ ಎದ್ದರೆ ಮತ್ತೆ ಕೂರುವುದಿಲ್ಲ. ಸಮುದ್ರ ಮಥನದ ಮೊಗಸಾಲೆಯ ಚಾವಣಿ ಸೋರಿ, ನೀರಿನ ಜೊತೆ ಇಳಿದ ಲವಣ ಶಿಲ್ಪವನ್ನು ತಿನ್ನುತ್ತಿತ್ತು. ಚಾವಣಿಯ ಕಲ್ಲುಗಳನ್ನು ಬಿಚ್ಚಿ ಮತ್ತೆ ಜೋಡಿಸುವ ಕೆಲಸ 2012ರಲ್ಲಿ ಮುಗಿಯಿತು. ಅಷ್ಟು ಶ್ರಮದಿಂದ ಉಳಿದಿರುವುದರ ಮುಂದೆ ನಮ್ಮ ಮಕ್ಕಳು ನಿಲ್ಲುತ್ತಾರೆ.

"ಫೋಟೊ ಇಲ್ಲದಿದ್ದರೆ ನೆನಪು ಹೇಗೆ ಉಳಿಯುತ್ತದೆ?" ಎಂಬುದು ಅತಿ ಹೆಚ್ಚು ಕೇಳಿಬಂದ ಮಾತು. ಮನೋವಿಜ್ಞಾನಿ ಲಿಂಡಾ ಹೆಂಕೆಲ್ ಇದನ್ನೇ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ವಸ್ತುಸಂಗ್ರಹಾಲಯದಲ್ಲಿ ಕೆಲವು ವಸ್ತುಗಳನ್ನು ಬರೀ ನೋಡಲು, ಕೆಲವನ್ನು ಫೋಟೊ ತೆಗೆಯಲು ವಿದ್ಯಾರ್ಥಿಗಳಿಗೆ ಹೇಳಲಾಗಿತ್ತು. ಮರುದಿನ ಕೇಳಿದಾಗ, ಫೋಟೊ ತೆಗೆದ ವಸ್ತುಗಳ ನೆನಪು ಬರೀ ನೋಡಿದವುಗಳಿಗಿಂತ ಕಡಿಮೆ ಇತ್ತು. ತಮ್ಮ ಪರವಾಗಿ ನಿಲ್ಲುವ ಅಂಶವೂ ಅದೇ ಅಧ್ಯಯನದಲ್ಲಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ: ವಸ್ತುವಿನ ಒಂದು ಭಾಗವನ್ನು ಹತ್ತಿರಕ್ಕೆ ತಂದು ಫೋಟೊ ತೆಗೆದಾಗ ನೆನಪು ಕುಂದಲಿಲ್ಲ. ಅದಕ್ಕಾಗಿಯೇ ಪ್ರತಿ ತಂಡಕ್ಕೂ ಶಾಲೆಯ ಒಂದು ಕ್ಯಾಮೆರಾ ಇರುತ್ತದೆ. ಶಿಲ್ಪ ನೋಡಿ ಪುಸ್ತಕದಲ್ಲಿ ಚಿತ್ರ ಬರೆದು ಮುಗಿಸಿದ ಮಗು ತಾನು ಬರೆದ ಭಾಗದ ಒಂದು ಫೋಟೊ ತೆಗೆಯಬಹುದು. ಗುಂಪಿನ ಫೋಟೊ ದಿನಕ್ಕೊಂದು, ಶಿಕ್ಷಕರು ತೆಗೆದು ಅದೇ ರಾತ್ರಿ ತಮಗೆ ಕಳಿಸುತ್ತಾರೆ.

ಹಾಗಾದರೆ ಮಕ್ಕಳು ದಿನವಿಡೀ ಏನು ಮಾಡುತ್ತಾರೆ? ಗೆರೆಯಿಲ್ಲದ ಪುಸ್ತಕ ಒಂದು, 2ಬಿ ಪೆನ್ಸಿಲ್ ಎರಡು ಸಾಕು. ಶಾಯಿ ಪೆನ್ನು ಬೇಡ. ಸೋರಿದರೆ ಕಲ್ಲಿಗೆ ಹತ್ತಿದ ಕಲೆ ಹೋಗುವುದಿಲ್ಲ. ಮೊದಲ ಇಪ್ಪತ್ತು ನಿಮಿಷ ಪುಸ್ತಕ ತೆರೆಯುವ ಹಾಗಿಲ್ಲ, ಬರೀ ಸುತ್ತಬೇಕು. ಅಂಗ್‌ಕೋರ್ ವಾಟ್‌ನ ಮೊಗಸಾಲೆಯಲ್ಲಿ ನಾವು ರೂಢಿಯ ಪ್ರದಕ್ಷಿಣೆ ಹಾಕುವುದಿಲ್ಲ, ಪಶ್ಚಿಮದಿಂದ ಹೊರಟು ಎಡಕ್ಕೆ ಗರ್ಭಗುಡಿಯನ್ನು ಇಟ್ಟುಕೊಂಡು ಅಪ್ರದಕ್ಷಿಣೆಯಾಗಿ ಸಾಗುತ್ತೇವೆ. ಶಿಲ್ಪಗಳ ಕ್ರಮ ಇರುವುದೇ ಹಾಗೆ. ದೇವಾಲಯದ ಮುಖವೂ ಪಶ್ಚಿಮಕ್ಕಿದೆ. ಇದು ರಾಜನ ಅಂತ್ಯಸಂಸ್ಕಾರಕ್ಕೆ ಸಂಬಂಧಿಸಿದ ಕಟ್ಟಡವಿರಬೇಕು ಎಂದು ಹಲವು ವಿದ್ವಾಂಸರು ಊಹಿಸುವುದಕ್ಕೆ ಈ ಎರಡೂ ಕಾರಣ. ಇದನ್ನು ಮೊದಲೇ ಹೇಳಿಕೊಡುವುದಿಲ್ಲ. "ಯಾಕೆ ಸಾರ್ ಉಲ್ಟಾ ಹೋಗ್ತಿದೀವಿ?" ಎಂದು ಯಾವುದಾದರೂ ಮಗು ಕೇಳಲಿ ಎಂದು ಕಾಯುತ್ತೇವೆ.

ಆಮೇಲೆ ಹೆಜ್ಜೆ ಎಣಿಸಿ ನಕ್ಷೆ ಬರೆಯುವುದು. ಆಮೇಲೆ ಕಲ್ಲು: ಗಾರೆಯಿಲ್ಲದೆ ಕೂಡಿಸಿದ ಸಂದುಗಳು, ಕಲ್ಲನ್ನು ಎತ್ತಲು ಗೂಟ ಹೊಡೆದ ದುಂಡು ತೂತುಗಳು, ಕೆತ್ತನೆ ಅರ್ಧಕ್ಕೇ ನಿಂತ ಜಾಗಗಳು. ಸಮುದ್ರ ಮಥನ ಸುಮಾರು 49 ಮೀಟರ್ ಉದ್ದ. ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು, ನಡುವೆ ವಿಷ್ಣು, ಕೆಳಗೆ ಕೂರ್ಮ. ಮಕ್ಕಳು ತಾವೇ ಎಣಿಸುತ್ತಾರೆ, ಸಂಖ್ಯೆ ತಪ್ಪುತ್ತದೆ, ಮತ್ತೆ ಎಣಿಸುತ್ತಾರೆ. ಎರಡನೇ ಸಲ ಎಣಿಸುವಾಗಲೇ ಮುಖಗಳ ವ್ಯತ್ಯಾಸ, ಕಿರೀಟಗಳ ವ್ಯತ್ಯಾಸ ಕಣ್ಣಿಗೆ ಬೀಳುವುದು. ಮಧ್ಯಾಹ್ನ ಪಶ್ಚಿಮದಲ್ಲಿ ಶರಶಯ್ಯೆಯ ಭೀಷ್ಮನನ್ನು, ಹನುಮನ ಹೆಗಲೇರಿದ ರಾಮನನ್ನು ಅವರೇ ಹುಡುಕಬೇಕು. ಮನೆಯಲ್ಲಿ ಕೇಳಿ ಬೆಳೆದ ಕಥೆಯನ್ನು ಎಂಟೊಂಬತ್ತು ಶತಮಾನಗಳ ಹಿಂದೆ ಇನ್ನೊಂದು ನಾಡಿನ ಶಿಲ್ಪಿ ಬೇರೆ ಉಡುಗೆ, ಬೇರೆ ಆಯುಧ ಕೊಟ್ಟು ಕೆತ್ತಿದ್ದಾನೆ ಎಂದು ತಾನೇ ಕಂಡುಕೊಳ್ಳುವ ಸುಖ ಮಗುವಿಗೆ ಸಿಗಬೇಕು. ಜೇಬಿನಲ್ಲಿ ಫೋನ್ ಇದ್ದರೆ ಉತ್ತರ ಮೂರು ಸೆಕೆಂಡಿನಲ್ಲಿ ಸಿಗುತ್ತದೆ, ಹುಡುಕಾಟ ಅಲ್ಲಿಗೆ ಮುಗಿಯುತ್ತದೆ. ಮತ್ತೆ ಮತ್ತೆ ಅದನ್ನೇ ಹೇಳುತ್ತಿದ್ದೇನೆ, ಕ್ಷಮಿಸಿ. ಈ ಪ್ರವಾಸದ ತಿರುಳು ಇಲ್ಲೇ ಇದೆ.

ಉಳಿದ ದಿನಗಳಲ್ಲೂ ಇದೇ ಕ್ರಮ. ಬಾಯೊನ್‌ನಲ್ಲಿ ಎಲ್ಲರೂ ಮುಖಗಳ ಗೋಪುರಗಳ ಕಡೆಗೇ ಓಡುತ್ತಾರೆ. ನಾವು ಮೊದಲು ಹೊರ ಮೊಗಸಾಲೆಯ ಸಂತೆ, ಅಡುಗೆ, ಕೋಳಿ ಅಂಕ, ದೋಣಿಯುದ್ಧ ನೋಡುತ್ತೇವೆ. 967ರಲ್ಲಿ ಪ್ರತಿಷ್ಠೆಯಾದ ಬಂತೇ ಸ್ರೇ ಪೂರ್ವಾಭಿಮುಖವಾದ್ದರಿಂದ ಬೆಳಿಗ್ಗೆ. ತಾ ಪ್ರೋಮ್‌ನಲ್ಲಿ ಬೇರುಗಳ ಹಿಡಿತದಲ್ಲಿರುವ ಗೋಡೆಗಳನ್ನು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ ಅಲ್ಲಿನವರ ಜೊತೆ ಸೇರಿ ಹೇಗೆ ಉಳಿಸುತ್ತಿದೆ ಎಂದು ನೋಡುತ್ತೇವೆ.

ಸಿದ್ಧತೆಯ ನಾಲ್ಕು ಮಾತು. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಕಡ್ಡಾಯ. ಅಂಗ್‌ಕೋರ್ ವಾಟ್‌ನ ಮೇಲಿನ ಹಂತಕ್ಕೆ ತೋಳಿಲ್ಲದ ಅಂಗಿಯ ಮೇಲೆ ಶಾಲು ಹೊದ್ದರೂ ಬಿಡುವುದಿಲ್ಲ. ಅಲ್ಲಿಗೆ ಒಂದು ಸಲಕ್ಕೆ 100 ಜನರಿಗೆ ಮಾತ್ರ ಪ್ರವೇಶ. ಮೆಟ್ಟಿಲು ಕಡಿದಾಗಿದೆ, ಎತ್ತರಕ್ಕೆ ಹೆದರುವ ಮಗುವಿದ್ದರೆ ಮೊದಲೇ ತಿಳಿಸಿ. ಮೂರು ದಿನದ ಪಾಸಿನ ಬೆಲೆ 62 ಡಾಲರ್, ಅದು ಶುಲ್ಕದಲ್ಲೇ ಸೇರಿದೆ. ಪಾಸಿನ ಮೇಲೆ ಮಗುವಿನ ಫೋಟೊ ಇರುತ್ತದೆ, ಪ್ರತಿ ಬಾಗಿಲಲ್ಲೂ ಕೇಳುತ್ತಾರೆ, ಕಳೆದರೆ ಹೊಸದು ಕೊಳ್ಳಬೇಕು. ಹಾಗಾಗಿ ಶಿಕ್ಷಕರ ಬಳಿ ಇರುತ್ತದೆ. ಬೆನ್ನಿನ ಚೀಲವನ್ನು ಒಳಗೆ ಎದೆಯ ಮೇಲೆ ಹಾಕಿಕೊಳ್ಳಬೇಕು. ಗುಡಿಗಳ ಬಳಿ ಸಣ್ಣ ಮಕ್ಕಳು ಸಾಮಾನು ಮಾರಲು ಬರುತ್ತಾರೆ. ಅವರಿಂದ ಕೊಳ್ಳಬೇಡಿ, ದುಡ್ಡು, ಚಾಕೊಲೇಟ್ ಕೊಡಬೇಡಿ ಎಂದು ಅಂಗ್‌ಕೋರ್ ನೋಡಿಕೊಳ್ಳುವ ಅಪ್ಸರಾ ಪ್ರಾಧಿಕಾರವೇ ತನ್ನ ನಡತೆಯ ಸಂಹಿತೆಯಲ್ಲಿ ಕೇಳಿದೆ. ಕೊಂಡಷ್ಟೂ ಆ ಮಕ್ಕಳು ಶಾಲೆಯಿಂದ ದೂರವಾಗುತ್ತಾರೆ. ಇದನ್ನು ಮನೆಯಲ್ಲಿ ಮಗುವಿಗೆ ತಿಳಿಸಿ ಹೇಳಿದರೆ ಉಪಕಾರವಾಗುತ್ತದೆ. ಮರುಗಿ ಕೊಡುವ ಮಕ್ಕಳೇ ನಮ್ಮಲ್ಲಿ ಹೆಚ್ಚು.

ಆರೋಗ್ಯದ ಕಾರಣಕ್ಕೆ ಫೋನ್ ಬೇಕೇಬೇಕಾದ ಮಗುವಿದ್ದರೆ, ಉದಾಹರಣೆಗೆ ಸಕ್ಕರೆ ಪ್ರಮಾಣ ತೋರಿಸುವ ಸಾಧನ ಫೋನಿಗೆ ಜೋಡಣೆಯಾಗಿದ್ದರೆ, ನನ್ನನ್ನು ಬಂದು ಕಾಣಿ, ಅದಕ್ಕೆ ಪ್ರತ್ಯೇಕ ವ್ಯವಸ್ಥೆ ಮಾಡುತ್ತೇವೆ. ಬೇರೆ ಕಾರಣಗಳಿಗೆ ವಿನಾಯಿತಿ ಇಲ್ಲ. ಒಬ್ಬರಿಗೆ ಕೊಟ್ಟರೆ ಉಳಿದವರ ಕಣ್ಣೂ ಆ ಫೋನಿನ ಮೇಲೆಯೇ ಇರುತ್ತದೆ.

ದಯವಿಟ್ಟು ಮಗುವಿನ ಚೀಲದಲ್ಲಿ ಎರಡನೇ ಫೋನ್ ಇಟ್ಟು ಕಳಿಸಬೇಡಿ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಬರುವ ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ. ಮಾತಾಡಬೇಕೆನಿಸಿದರೆ ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನಾನು ಕಚೇರಿಯಲ್ಲೇ ಇರುತ್ತೇನೆ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು