ಹಿಮದಲ್ಲಿ ನಿಂತ ಜವಾನನ ಬೂಟಿನ ಬಗ್ಗೆ ಸದನದಲ್ಲಿ ಕೇಳಿ: ಕೊಪ್ಪಳ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಕೊಪ್ಪಳ ಲೋಕಸಭಾ ಸದಸ್ಯರಿಗೆ,

ನಮಸ್ಕಾರಗಳು.

ಕುಷ್ಟಗಿ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ನನ್ನ ಕೆಲವು ವಿದ್ಯಾರ್ಥಿಗಳು ಈಗ ಸೈನಿಕರಾಗಿ ಲಡಾಖಿನಲ್ಲಿದ್ದಾರೆ. ಅವರ ಹಾದಿ ಹಿಡಿಯಬೇಕೆಂದು ಊರ ಹುಡುಗರು ನಸುಕಿನಲ್ಲೇ ಎದ್ದು ಓಡುತ್ತಾರೆ. ಸೇನಾ ಭರ್ತಿಯ ಓಟದ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸುವ ಛಲ ಅವರದು.

ಆದರೆ ಆ ಕಸುವೊಂದೇ ಮೇಲೆ ಸಾಲದು. 18,000 ಅಡಿ ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು ಮಾತ್ರ. ಅವಸರದಲ್ಲಿ ಏರಿದವರ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮಿದುಳು ಊದಿಕೊಳ್ಳಬಹುದು. ಗಟ್ಟಿಮುಟ್ಟಾದ ಹುಡುಗರನ್ನೂ ಅದು ಬಿಡುವುದಿಲ್ಲ. ಹೇಡಿ ಎಂದಾರೆಂದು ತಲೆನೋವನ್ನು ಮುಚ್ಚಿಟ್ಟವನಿಗಂತೂ ಅಪಾಯ ಇನ್ನೂ ಹೆಚ್ಚು. ಅದಕ್ಕೇ ಸೇನೆ ಅವರನ್ನು ಹಂತಹಂತವಾಗಿ ತಂಗಿಸಿ, ಸುಮಾರು ಎರಡು ವಾರ ಹೊಂದಿಕೊಳ್ಳಲು ಬಿಟ್ಟು ಮೇಲಕ್ಕೆ ಕಳುಹಿಸುತ್ತದೆ. ದೀರ್ಘ ರಜೆಗೆ ಊರಿಗೆ ಬಂದು ಹೋದವನೂ ಮತ್ತೆ ಹೊಂದಿಕೊಳ್ಳಲೇಬೇಕು.

ಚಳಿಯದ್ದು ಬೇರೆಯೇ ಕಥೆ. ಲಡಾಖಿನ ಸಿಯಾಚಿನ್ ಹಿಮನದಿಯಲ್ಲಿ ಉಷ್ಣಾಂಶ ಮೈನಸ್ 50 ಡಿಗ್ರಿಗೂ ಇಳಿಯುತ್ತದೆ. ಕೈಗವಸಿನೊಳಗೆ ಬೆವರಿದರೆ ಆ ಬೆವರೇ ಹೆಪ್ಪುಗಟ್ಟುತ್ತದೆ. ಬರಿಗೈಯಿಂದ ಬಂದೂಕಿನ ಲೋಹ ಮುಟ್ಟಿದರೆ ಚರ್ಮ ಅಂಟಿಕೊಂಡು ಕಿತ್ತು ಬರುತ್ತದೆ. ಗಾಳಿ ತೆಳುವಾದ್ದರಿಂದ ಹೆಲಿಕಾಪ್ಟರ್ ಹೊರುವ ಭಾರವೂ ತೀರಾ ಕಡಿಮೆ. 1984ರಲ್ಲಿ ನಮ್ಮ ಸೇನೆ ಆಪರೇಷನ್ ಮೇಘದೂತ್ ನಡೆಸಿ ಸಿಯಾಚಿನ್ ಹಿಡಿದಂದಿನಿಂದ ಅಲ್ಲಿ ಶತ್ರುವಿನ ಗುಂಡಿಗಿಂತ ಹವಾಮಾನಕ್ಕೇ ಹೆಚ್ಚು ಯೋಧರು ಬಲಿಯಾಗಿದ್ದಾರೆ. 2016ರ ಫೆಬ್ರುವರಿಯಲ್ಲಿ ನಮ್ಮದೇ ಉತ್ತರ ಕರ್ನಾಟಕದ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರು ಸಿಯಾಚಿನ್‌ನ ಹಿಮಕುಸಿತಕ್ಕೆ ಸಿಕ್ಕಿ ಆರು ದಿನ ಹಿಮದಡಿ ಜೀವ ಹಿಡಿದಿದ್ದರು. ಅವರು ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದಾಗ ಈ ಭಾಗದ ಮನೆಮನೆಯೂ ಮರುಗಿತ್ತು.

ಹಿಮಕುಸಿತವನ್ನು ಯಾರೂ ತಡೆಯಲಾರರು. ಬೂಟು, ಕನ್ನಡಕ, ಅನ್ನದ ಮಾತು ಹಾಗಲ್ಲ. 1962ರ ಚೀನಾ ಯುದ್ಧದಲ್ಲಿ ಹತ್ತಿಬಟ್ಟೆಯ ಸಮವಸ್ತ್ರದಲ್ಲೇ ಸೈನಿಕರನ್ನು ಗಡಿಯ ಬೆಟ್ಟಗಳಿಗೆ ಅಟ್ಟಿದ್ದೆವು. ಅಷ್ಟು ದಶಕಗಳ ನಂತರವೂ, 2020ರ ಫೆಬ್ರುವರಿಯಲ್ಲಿ ಸಂಸತ್ತಿನ ಮುಂದೆ ಬಂದ, ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ ವರದಿ ಹೇಳಿದ್ದೇನು? ಚಳಿ ಉಡುಪು, ಸಲಕರಣೆಗಳ ಖರೀದಿಯಲ್ಲಿ ನಾಲ್ಕು ವರ್ಷಗಳವರೆಗೆ ವಿಳಂಬ, ಹಿಮದ ಕನ್ನಡಕಗಳ ಕೊರತೆ, ಆಹಾರದಲ್ಲಿ ಕ್ಯಾಲೊರಿ ಖೋತಾ. ಅದೇ ವರ್ಷ ಲಡಾಖಿನ ಗಲ್ವಾನ್‌ನಲ್ಲಿ ಚೀನಾ ಸೈನಿಕರೊಡನೆ ನಡೆದ ಘರ್ಷಣೆಯ ನಂತರ ಅಮೆರಿಕದಿಂದ ತುರ್ತಾಗಿ ಚಳಿ ಉಡುಪು ತರಿಸಿಕೊಳ್ಳಬೇಕಾಯಿತು. ಇದನ್ನು ಓದಿ ನನಗೆ ಸಿಟ್ಟು ಬಂದಿತ್ತು, ಇಂದಿಗೂ ಇಳಿದಿಲ್ಲ.

ನೀವು ವೀರಯೋಧರ ಸನ್ಮಾನಗಳಿಗೆ ಬರುತ್ತೀರಿ, ಸಂತೋಷ. ಅದಕ್ಕಿಂತ ದೊಡ್ಡ ಕೆಲಸವೊಂದು ನಿಮ್ಮ ಕೈಯಲ್ಲೇ ಇದೆ. ಮುಂದಿನ ಅಧಿವೇಶನದಲ್ಲಿ ರಕ್ಷಣಾ ಸಚಿವರಿಗೆ ಚುಕ್ಕೆ ಗುರುತಿನ ಪ್ರಶ್ನೆ (ಸಚಿವರು ಸದನದಲ್ಲೇ ಮೌಖಿಕವಾಗಿ ಉತ್ತರಿಸಬೇಕಾದ ಪ್ರಶ್ನೆ) ಹಾಕಿ: ಸಿಎಜಿ ಎತ್ತಿದ ಲೋಪಗಳಲ್ಲಿ ಯಾವುದು ಸರಿಹೋಗಿದೆ, ಯಾವುದು ಬಾಕಿ ಇದೆ, ಅದು ಎಂದಿಗೆ ಮುಗಿಯುತ್ತದೆ? ಬಂದ ಉತ್ತರವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಜಿಲ್ಲೆಯ ಸೈನಿಕ ಕುಟುಂಬಗಳಿಗೆ ತಲುಪಿಸಿ.

ಇತಿ ನಿಮ್ಮ ಕ್ಷೇತ್ರದ ಮತದಾರ,
ನಿವೃತ್ತ ಶಿಕ್ಷಕ, ಕುಷ್ಟಗಿ ತಾಲೂಕು